ಕಾಂತೇಶನ ಉಸುಕಿನ ವ್ಯವಹಾರ

ಮಕ್ತಲ್ ಬಸ್ ನಿಲ್ದಾಣದ ಎದುರು ಪಾತ್ರೆ ಅಂಗಡಿ ಇಟ್ಟಿದ್ದ ಕಾಂತೇಶ ಹುಟ್ಟಿದಾರಭ್ಯ ಸಮುದ್ರ ಕಂಡವನಲ್ಲ, ಕಾಣಬೇಕೆಂದು ಹಂಬಲಿಸಿದವನೂ ಅಲ್ಲ. ಅಂಥವನು ಐವತ್ತು ದಾಟಿದ ಮೇಲೆ, ದೇಶದ ದ್ವೀಪಗಳಲ್ಲಿ ಯಾವುದರ ಮರಳು ಚೆಂದ ಎಂದು ವಿಚಾರಿಸಲು ಕುಳಿತದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲವಾಯಿತು.

ಕಾಂತೇಶನಿಗೆ ಯಾವ ಕೆಲಸವನ್ನೂ ಹೇಳಿದ ಹಾಗೆ ಮಾಡಿ ಗೊತ್ತಿರಲಿಲ್ಲ. ಒಮ್ಮೆ ಕುಕ್ಕರಿನ ರಬ್ಬರು ತರಲು, ಹಾಗೆಯೇ ನೆಂಟರ ಮದುವೆ ಮುಗಿಸಿ ಬರಲು ರಾಯಚೂರಿಗೆ ಹೋದವನು ಯಾರದೋ ಮದುವೆಯಲ್ಲಿ ಊಟ ಮಾಡಿ, ಕೈಗಡಿಯಾರ ಉಡುಗೊರೆ ಕೊಟ್ಟು, ರಬ್ಬರಿಲ್ಲದೆ ಬಂದಿದ್ದ. ಹೋಗಬೇಕಾಗಿದ್ದ ಮದುವೆ ಪಕ್ಕದ ಓಣಿಯಲ್ಲಿತ್ತು, ಅದೂ ಹಿಂದಿನ ದಿನವೇ ಮುಗಿದಿತ್ತು. ಸ್ಟೀಲಿನ ಸದ್ದಿನಲ್ಲೇ ಬಾಳಿದ್ದರಿಂದ ಅವನ ಕಿವಿ ಮಂದವಾಗಿತ್ತು. ತನ್ನ ಕಿವಿ ಮಂದವಾದರೆ ಲೋಕದ ಕಿವಿಯೂ ಮಂದವಾಗಿರಬೇಕೆಂದು ನಂಬಿ ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದ.

ಅವನಿಗೂ ಹೆಂಡತಿ ಗಂಗಾಂಬಿಕಾಗೂ ಒಬ್ಬನೇ ಮಗನಿದ್ದ, ಬಸವಪ್ರಸಾದ. ಎರಡು ಬೇಸಿಗೆಗಳ ಹಿಂದೆ ಅವನು ಡಿಗ್ರಿ ಪರೀಕ್ಷೆ ಮುಗಿಸಿ ಗೆಳೆಯರೊಂದಿಗೆ ಕೃಷ್ಣಾ ಹೊಳೆಗೆ ಹೋದ. ನೀರು ಮೊಣಕಾಲಿನ ಮಟ್ಟ ಇತ್ತು. ಮರಳು ಕಳ್ಳಸಾಗಣೆ ಮಾಡುವವರು ತೋಡಿ ಬಿಟ್ಟಿದ್ದ ಗುಂಡಿ ಆ ಮೊಣಕಾಲು ನೀರಿನ ತಳದಲ್ಲಿತ್ತು. ಹುಡುಗ ಒಂದು ಹೆಜ್ಜೆ ಮುಂದಿಟ್ಟ. ಮರುದಿನ ಸಿಕ್ಕ.

ಗುಂಡಿ ತೋಡಿದವರು ಯಾರೆಂದು ಸರಕಾರಕ್ಕೆ ಗೊತ್ತಾಗಲಿಲ್ಲ. ಊರಿಗೆ ಗೊತ್ತಿತ್ತು, ಆದರೆ ಊರನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಗಂಗಾಂಬಿಕಾ ಹೊಳೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ರಾಯಚೂರಿಗೆ ಹೋಗುವಾಗ ಬಸ್ಸು ಸೇತುವೆ ಹತ್ತಿದ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಮಾತೂ ಕಡಿಮೆಯಾಗಿ, ಉಪ್ಪು, ಹಾಲು, ಬಾಗಿಲು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದಳು. ಹಾಗಿರುವಾಗ ಒಂದು ಸಂಜೆ ಟೀವಿಯಲ್ಲಿ ಯಾವುದೋ ಸಾಬೂನಿನ ಜಾಹೀರಾತು ಬಂತು. ತಿಳಿನೀಲಿ ಸಮುದ್ರ, ಬಿಳಿ ಮರಳು, ನೀರಿನೊಳಗೆ ನಿಂತವರ ಪಾದದ ಬೆರಳು ಸಹ ಕಾಣುತ್ತಿತ್ತು. ಗಂಗಾಂಬಿಕಾ ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಅಂದಳು:

"ಅಲ್ಲಿ ನೀರಿನ್ಯಾಗ ನೆಲ ಕಾಣ್ತೈತಿ ನೋಡ್ರಿ."

ಕಾಂತೇಶ ಈ ಮಾತನ್ನು ಅಪ್ಪಣೆಯೆಂದು ತಿಳಿದ. ಅದೇ ಅವನ ತಪ್ಪು. ಹೆಂಡತಿಗೆ ಹೇಳಿದರೆ ಬ್ಯಾಡ ಅಂದಾಳು, ಎಲ್ಲ ಗೊತ್ತು ಮಾಡಿ ಆಮೇಲೆ ಹೇಳೋಣ ಅಂದುಕೊಂಡ. ಅದು ಎರಡನೆಯ ತಪ್ಪು. ಮೂರನೆಯದು ಮರುದಿನ ಅಂಗಡಿಯಲ್ಲಿ ಕೂತು ಗದ್ವಾಲದ ಟ್ರಾವೆಲ್ಸ್ ಒಂದಕ್ಕೆ ಫೋನು ಹಚ್ಚಿದ್ದು.

ಆ ಟ್ರಾವೆಲ್ಸ್ ನಡೆಸುತ್ತಿದ್ದವಳು ಶಿವಗಂಗಾ ಎಂಬ ಹೆಣ್ಣುಮಗಳು. ಅವಳು ಅಲ್ಲಿಯವರೆಗೆ ಕಳಿಸಿದವರೆಲ್ಲ ದೇವರ ಊರುಗಳಿಗೆ ಹೋದವರು.

"ನಾ ಮಕ್ತಲ್‌ನಿಂದ ಕಾಂತೇಶ ರೀ. ಉಸುಕು ಬೇಕಾಗಿತ್ತು."

"ಇದು ಟ್ರಾವೆಲ್ಸ್ ಐತ್ರಿ. ನಮ್ಮಲ್ಲಿ ಶ್ರೀಶೈಲ ಐತಿ, ಕಾಶಿ ಐತಿ. ಉಸುಕು ಇಲ್ಲ."

"ಸಮುದ್ರದ ಉಸುಕು ರೀ. ನಡುವ ನೀರು, ಸುತ್ತ ಉಸುಕು ಇರ್ತೈತಲ್ಲ, ಅದು."

"ನಡುವ ಉಸುಕು, ಸುತ್ತ ನೀರು."

"ಹ್ಞಾಂ, ಅದ. ದ್ವೀಪ."

ಶಿವಗಂಗಾ ಒಳ್ಳೆಯವಳು. ಗೊತ್ತಿಲ್ಲದ್ದನ್ನು ಕೊಚ್ಚಿಯ ಏಜೆಂಟರಿಂದ ಕೇಳಿ ತಿಳಿದುಕೊಂಡು ದಿನಕ್ಕೊಂದು ದ್ವೀಪದ ಚಿತ್ರ ಕಳಿಸತೊಡಗಿದಳು. ಕಾಂತೇಶ ಪಾತ್ರೆಯ ತಗ್ಗು ಹುಡುಕುವ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಪರೀಕ್ಷಿಸುತ್ತಿದ್ದ. ಮಾಲ್ಡೀವ್ಸ್ ಮರಳು ಚೆನ್ನಾಗಿತ್ತು, ಆದರೆ ಅದು ಬೇರೆ ದೇಶ ಎಂದು ಗೊತ್ತಾಗಿ ಬಿಟ್ಟ. ಅಂಡಮಾನ್ ಅಂದಾಗ ಹೌಹಾರಿ, "ಅದು ಶಿಕ್ಷಾ ಆದವರು ಹೋಗೂ ಜಾಗ ರೀ, ನಾವೇನು ಮಾಡೀವಿ" ಅಂದ. ಈಗ ಹಾಗಿಲ್ಲ, ಕೆಲವು ಕಡೆ ಮೊಸಳೆ ಬರುತ್ತವೆಂದು ಬಲೆ ಕಟ್ಟಿರುತ್ತಾರೆ ಅಷ್ಟೆ ಎಂದು ಶಿವಗಂಗಾ ಸಮಾಧಾನ ಹೇಳಿದಳು. "ಮೊಸಳಿ ನಮ್ಮ ಕೃಷ್ಣಾದಾಗೂ ಅದಾವು. ಅವನ್ನ ನೋಡಾಕ ಅಷ್ಟು ದೂರ ಯಾಕ ಹೋಗಬೇಕು" ಎಂದು ಕಾಂತೇಶ ಅಂಡಮಾನನ್ನು ಶಾಶ್ವತವಾಗಿ ಕೈಬಿಟ್ಟ.

ಉಳಿದದ್ದು ಲಕ್ಷದ್ವೀಪ. ಅದರಲ್ಲಿ ಬಂಗಾರಂ ಎಂಬ ಒಂದು ದ್ವೀಪವಿದೆ. ಆ ಹೆಸರಿಟ್ಟವರಿಗೆ ಮಕ್ತಲ್‌ನ ಜನ ಅರ್ಧ ತೆಲುಗು ಮಾತಾಡುತ್ತಾರೆ, ಬಂಗಾರಂ ಅಂದರೆ ಚಿನ್ನವೆಂದೇ ತಿಳಿಯುತ್ತಾರೆ ಎಂಬುದು ಗೊತ್ತಿರಲು ಸಾಧ್ಯವಿರಲಿಲ್ಲ.

ಪಕ್ಕದ ಅಂಗಡಿ ತಾಯಪ್ಪನದು. ಸಿಮೆಂಟು, ಕಬ್ಬಿಣ ಮಾರುತ್ತಿದ್ದ. ನಡುವಿನ ಗೋಡೆ ಒಂದೇ ಇಟ್ಟಿಗೆಯದು. ಶಿವಗಂಗಾಳ ಮಾತು ಅವನಿಗೆ ಕೇಳುವ ಹಾಗಿರಲಿಲ್ಲ. ಕಾಂತೇಶನ ಮಾತು ಕೇಳದಿರುವ ಹಾಗಿರಲಿಲ್ಲ.

"ಬಿಳಿ ಇರಬೇಕು ರೀ. ಕಲ್ಲು ಇರಬಾರ್ದು. ಬನ್ಸಿ ರವಾದಂಗ ಐತೋ, ಚಿರೋಟಿ ರವಾದಂಗ ಐತೋ? ... ಎಷ್ಟು ದೂರದತನ ಐತಿ? ಅಷ್ಟೂ ಉಸುಕೇನು? ಯಾರೂ ಮುಟ್ಟಿಲ್ಲಾ? ... ಬಂಗಾರಂ! ಹಂಗಾರ ಬಂಗಾರಂನ ಗಟ್ಟಿ ಮಾಡ್ರಿ. ... ಪರ್ಮಿಟ್ ನೀವು ತಗೀರಿ, ಪೊಲೀಸರ್ದು ನಾ ನೋಡ್ಕೊಂತೀನಿ."

ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು, ಅದಕ್ಕೆ ಕೇಸು ಗೀಸು ಏನೂ ಇಲ್ಲವೆಂದು ಊರ ಪೊಲೀಸರ ಸರ್ಟಿಫಿಕೇಟು ಬೇಕು. ಕಾಂತೇಶ ಹೇಳಿದ್ದು ಅದನ್ನೇ. ತಾಯಪ್ಪ ಮಾತ್ರ ಸಿಮೆಂಟು ಚೀಲದ ಮೇಲೆ ಕೂತವನು ಎದ್ದು ನಿಂತ. ಯಾರೂ ಮುಟ್ಟದ ಬಿಳಿ ಉಸುಕು, ಪರ್ಮಿಟ್, ಪೊಲೀಸರ ಬಂದೋಬಸ್ತು. ಪಕ್ಕದಲ್ಲಿ ಸ್ಪೂನು ಮಾರುತ್ತ ಕೂತ ಈ ಮನುಷ್ಯ ಹೊಳೆಯನ್ನೇ ಖರೀದಿ ಮಾಡುತ್ತಿದ್ದಾನೆ.

ಆ ಸಂಜೆಗೆ ಊರಿಗೆಲ್ಲ ಸುದ್ದಿಯಾಯಿತು. ಮಗನನ್ನು ಮರಳಿನ ಗುಂಡಿಗೆ ಕೊಟ್ಟವನು ಮರಳಿನ ದಂಧೆಗೆ ಇಳಿದನಲ್ಲ ಎಂದು ಯಾರಾದರೂ ಹೇಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಊರು ಹೇಸಿಕೊಳ್ಳಲಿಲ್ಲ, ಮೆಚ್ಚಿಕೊಂಡಿತು. "ಕಳಕೊಂಡಲ್ಲೇ ಹುಡುಕಬೇಕು, ತಪ್ಪೇನೈತಿ" ಅಂದರು ಹಿರಿಯರು. ಚಹದಂಗಡಿಯವನು ಕಾಂತೇಶನಿಗೆ ಕೆನೆ ಹಾಕಿ ಕೊಡತೊಡಗಿದ. ವರ್ಷಗಟ್ಟಲೆ ಮಾತಾಡಿಸದವರು ನಮಸ್ಕಾರ ಹೇಳಿ, ಮನೆ ಕಟ್ಟುವ ವಿಚಾರವಿದೆ ಎಂದು ತಿಳಿಸಿ ಹೋದರು. ಮನೆ ಕಟ್ಟಿದ ಮೇಲೆ ಪಾತ್ರೆ ಬೇಕಾಗುತ್ತದಲ್ಲ ಎಂದು ಕಾಂತೇಶ ಸಂತೋಷಪಟ್ಟ.

ಆಮೇಲೆ ಸಾಯಣ್ಣ ಬಂದ. ಹೊಳೆಗೆ ಹೋಗುವ ಟ್ರಾಕ್ಟರುಗಳಲ್ಲಿ ಹೆಚ್ಚಿನವು ಅವನವು. ಪೇಡೆ ಡಬ್ಬಿ ಮುಂದಿಟ್ಟು, ಸ್ಟೂಲಿನ ತುದಿಯಲ್ಲಿ ಕೂತ.

"ಸಾವುಕಾರ್ರ, ಎಲ್ಲಾ ಕೇಳೀನಿ. ಒಬ್ಬರ ಹೋಗಬ್ಯಾಡ್ರಿ. ನನ್ನೂ ಸೇರಿಸ್ಕೊಳ್ರಿ."

ತನ್ನ ಪ್ರವಾಸದ ಗುಟ್ಟು ಇವನಿಗೆ ಹೇಗೆ ತಿಳಿಯಿತೆಂದು ಕಾಂತೇಶ ಗಾಬರಿಯಾದ. "ನಾವು ಗಂಡ ಹೆಂಡ್ತಿ ಇಬ್ರ ಹೋಗೋರಪ್ಪ."

"ಅಕ್ಕಾರ ಹೆಸರಿನ ಮ್ಯಾಲೂ ಮಾಡೀರಿ? ಭಾಳ ಹುಷಾರದೀರಿ."

"ಆಕೀ ಸಲುವಾಗೇ ಮಾಡಿದ್ದಪ್ಪ."

"ನನಗ ಅರ್ಧ ಬ್ಯಾಡ್ರಿ. ಒಂದು ಮೂಲ್ಯಾಗ ಜಾಗ ಕೊಡ್ರಿ, ಸಾಕು."

"ರೂಮು ಒಂದ ಐತಿ ಸಾಯಣ್ಣ. ಮೂರನೇ ಮಂಚ ಹಾಕಾಕ ಆಗೂದಿಲ್ಲಂತ."

ಸಾಯಣ್ಣ ಸುತ್ತ ನೋಡಿ ದನಿ ತಗ್ಗಿಸಿದ. ರೂಮು, ಮಂಚ. ಇಂಥ ಗುಟ್ಟಿನ ಮಾತು ಅವನ ದಂಧೆಗೆ ಹೊಸದಲ್ಲ. "ಮಂಚ ನಾ ತರ್ತೀನ್ರಿ. ನನ್ನ ಮಂಚಕ್ಕ ಗಾಲಿ ಅದಾವು."

"ಹಡಗಿನ್ಯಾಗ ಬಿಡ್ತಾರೇನು?"

"ಹಡಗಾ?" ಸಾಯಣ್ಣ ಸ್ಟೂಲಿನಿಂದ ಎದ್ದ. ಅವನು ಮರಳು ಎತ್ತಿನ ಬಂಡಿಯಲ್ಲಿ ಹೋಗಿದ್ದು ಕಂಡಿದ್ದ, ಟ್ರಾಕ್ಟರಿನಲ್ಲಿ ಕಂಡಿದ್ದ, ಲಾರಿಯಲ್ಲಿ ಕಂಡಿದ್ದ. ಕೈ ಮುಗಿದು, ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ: "ಸಾವುಕಾರ್ರ, ಹುಡುಗನ ವಿಷಯ ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ. ಅದು ಬ್ಯಾರೆ, ದಂಧೆ ಬ್ಯಾರೆ."

ಕಾಂತೇಶನಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಆದರೆ ಪೇಡೆ ಡಬ್ಬಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಡಬ್ಬಿ ಅಲ್ಲಿಯೇ ಇರುವೆ ಮುತ್ತಿ ಹಾಳಾಯಿತು.

ಸುದ್ದಿ ನಾರಾಯಣಪೇಟೆಗೂ ಮುಟ್ಟಿತು. ಅಲ್ಲಿ ಸೀರೆ ವ್ಯಾಪಾರದ ಮನೆಗೆ ಕೊಟ್ಟಿದ್ದ ಗಂಗಾಂಬಿಕಾಳ ಅಕ್ಕ ಗುರುಲಿಂಗಮ್ಮ ಮೊದಲ ಬಸ್ಸಿಗೇ ಬಂದಳು. ತಂಗಿಗೆ ಒಂದು ಸೀರೆ ಉಡಿಸಿ, ಗಲ್ಲ ಹಿಡಿದು, "ಅಂತೂ ನಿನ್ನ ಗಂಡಗ ಬುದ್ಧಿ ಬಂತವ್ವ" ಅಂದಳು. "ನಾವು ಮ್ಯಾಲಿನ ಅಂತಸ್ತು ಕಟ್ಟಾಕ ಹತ್ತೀವಿ. ತಂಗಿಗಂಡನ ಉಸುಕು ಇರೂವಾಗ ಮಂದಿ ಉಸುಕು ಯಾಕ ತರಬೇಕು."

"ಯಾವ ಉಸುಕು ಅಕ್ಕ?"

"ಹೊಳೀದು. ಸಾಯಣ್ಣನ್ನ ಪಾಲಿಗಿ ಹಾಕ್ಕೊಂಡು ಮಾಡಾಕ ಹತ್ಯಾನಂತಲ್ಲ. ನಿನ್ನ ಹೆಸರಿನ ಮ್ಯಾಲೇ ಐತಂತ. ನಿನಗ ಹೇಳಿಲ್ಲೇನು?"

ಗಂಗಾಂಬಿಕಾ ಉಡಿಸಿದ ಸೀರೆಯನ್ನು ಬಿಚ್ಚಿ ಮಡಿಸಿ ಅಕ್ಕನ ಕೈಗೆ ಕೊಟ್ಟಳು. ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಪಡಸಾಲೆಯಲ್ಲಿ ನೇತುಹಾಕಿದ್ದ ಮಗನ ಫೋಟೋ ಇಳಿಸಿ ಒಳಕೋಣೆಗೆ ಒಯ್ದು ಇಟ್ಟಳು, ಈ ಮನುಷ್ಯನ ಕಣ್ಣು ಅದರ ಮೇಲೆ ಬೀಳುವುದು ಬೇಡವೆಂದು. ಕಾಂತೇಶ ಊಟಕ್ಕೆ ಬಂದವನು ಖಾಲಿ ಮೊಳೆ ನೋಡಿ, ಧೂಳು ಒರೆಸಲು ತೆಗೆದಿರಬೇಕು ಅಂದುಕೊಂಡು, ಅನ್ನ ಕಲಸಿ ಉಂಡ.

ಮರುದಿನ ಅವನು ಇಸ್ತ್ರಿ ಅಂಗಿ ತೊಟ್ಟು ಸರ್ಟಿಫಿಕೇಟು ಕೇಳಲು ಪೊಲೀಸ್ ಠಾಣೆಗೆ ಹೋದ.

ಠಾಣೆಗೆ ಹೊಸದಾಗಿ ಬಂದಿದ್ದ ಎಸ್ಸೈ ಭೀಮಶಂಕರ್ ಮರಳಿನವರನ್ನು ಹಿಡಿಯುತ್ತಿಲ್ಲವೆಂದು ಮೇಲಿನವರಿಂದ ಬೈಸಿಕೊಂಡಿದ್ದ. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ತಾನಾಗಿ ನಡೆದುಕೊಂಡು ಬಂದು, "ಸಾರ್, ಉಸುಕಿಗಿ ಹೋಗಬೇಕು, ಪರ್ಮಿಟಿಗೆ ನಿಮ್ಮ ಸಹಿ ಬೇಕು" ಅಂದರೆ ಯಾವ ಎಸ್ಸೈಗಾದರೂ ಅದು ದೇವರ ಕೃಪೆಯಂತೆ ಕಾಣುತ್ತದೆ. ಕಾಂತೇಶ ಫೋನು ತೆರೆದು ಚಿತ್ರ ತೋರಿಸಿದ. ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಿ ಉಗುಳು ನುಂಗಿದ.

"ಇಷ್ಟು ಸ್ಟಾಕ್ ಎಲ್ಲೈತ್ರಿ?"

"ಬಂಗಾರಂದಾಗ ರೀ."

"ಅದು ಯಾವ ಮಂಡಲಕ್ಕ ಬರ್ತೈತಿ, ಯಾವ ತಾಲೂಕು?"

ಅಷ್ಟರಲ್ಲಿ ತಾಯಪ್ಪ ಓಡಿ ಬಂದ. ಕಾಂತೇಶನನ್ನು ಠಾಣೆಯಲ್ಲಿ ಕೂಡಿಸಿದ್ದಾರೆಂದು ಕೇಳಿ ಜಾಮೀನು ಕೊಡಲು ಬಂದವನು ಜಾಮೀನಿನ ಉತ್ಸಾಹದಲ್ಲಿ, "ಸಾರ್, ಇವ್ರು ಉಸುಕು ಬಿಳಿ ಐತೋ, ಎಷ್ಟು ದೂರ ಐತೋ ಅಂತ ದಿನಾ ಫೋನಿನ್ಯಾಗ ಕೇಳೂದು, ಪೊಲೀಸರ್ನ ನೋಡ್ಕೊಂತೀನಿ ಅಂದಿದ್ದು ನಾನ ಕಿವಿಯಾರೆ ಕೇಳೀನಿ, ನಿಮ್ದು ಎಲ್ಲಾ ಸರಿಯಾಗಿ ಮುಟ್ಟಿಸ್ತಾರ" ಎಂದ. ಅವನ ಹಿಂದೆ ಬಂದ ಸಾಯಣ್ಣ, ಯಾರೂ ಕೇಳದಿದ್ದರೂ, ತನ್ನದು ಬರೀ ಒಂದು ಮೂಲೆ, ಹಡಗಿನ ವಿಷಯ ತನಗೆ ಗೊತ್ತಿಲ್ಲ ಎಂದ. ಎಸ್ಸೈ ಪೆನ್ನಿನ ಮುಚ್ಚಳ ತೆಗೆದ.

"ಹಡಗು ಯಾವ್ದಯ್ಯಾ?"

"ಕೊಚ್ಚಿಯಿಂದ ಹೋಗೂದು ಸಾರ್" ಅಂದ ಕಾಂತೇಶ. "ನಮಗ ಕೆಳಗಿನ ಮಂಚ ಬರ್ಕೊಂಡಾರ."

ಬಾಗಿಲಲ್ಲಿ ಗಂಗಾಂಬಿಕಾ ಬಂದು ನಿಂತಳು. ಹಿಂದಿನಿಂದ ಗುರುಲಿಂಗಮ್ಮ ಸೆರಗು ಹಿಡಿದು ಎಳೆಯುತ್ತಿದ್ದಳು. ಗಂಗಾಂಬಿಕಾ ಗಂಡನ ಮುಖ ನೋಡದೆ ನೇರ ಮೇಜಿನ ಹತ್ತಿರ ಹೋದಳು.

"ನನ್ನ ಗಂಡನ ಮ್ಯಾಲ ಕೇಸು ಬರ್ಕೋರಿ ಸಾರ್. ನನ್ನ ಮಗನ್ನ ನುಂಗಿದ ಉಸುಕು ಮಾರಾಕ ಹತ್ಯಾನ. ನನ್ನ ಹೆಸರಿನ ಮ್ಯಾಲ."

ಕಾಂತೇಶ ಅವಳನ್ನು ನೋಡಿದ, ತಾಯಪ್ಪನನ್ನು ನೋಡಿದ, ಸಾಯಣ್ಣನನ್ನು ನೋಡಿದ. ಕೆನೆ ಚಹ, ನಮಸ್ಕಾರ, ಗಾಲಿ ಇರುವ ಮಂಚ, ಎಲ್ಲ ಒಂದಾದ ಮೇಲೊಂದು ಬಂದು ಅವನಿಗೆ ಈಗ ತಾಗಿದವು. ಬೆಂಚಿನ ಮೇಲೆ ಕೂತ.

"ಮಾತಾಡಯ್ಯಾ" ಅಂದ ಎಸ್ಸೈ. "ಉಸುಕು ಬಿಳಿ ಐತೋ, ಎಷ್ಟು ದೂರ ಐತೋ ಅಂತ ದಿನಾ ಫೋನಿನ್ಯಾಗ ಕೇಳಿದ್ದು ಯಾಕ?"

ಕಾಂತೇಶ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದ. "ಅದು ಲಕ್ಷದ್ವೀಪ ಸಾರ್. ಸಮುದ್ರ. ಅಲ್ಲಿ ನೀರು ಮೊಣಕಾಲ ಮಟ್ಟ ಇರ್ತೈತಂತ, ಭಾಳ ದೂರದತನ. ಕೆಳಗಿನ ಉಸುಕು ಕಾಣ್ತೈತಂತ. ಅಲ್ಲಿ ಯಾರೂ ತೋಡೂದಿಲ್ಲ, ಗುಂಡಿ ಇಲ್ಲ ಅಂದ್ರು. ನಾ ಮತ್ತ ಮತ್ತ ಕೇಳೀನಿ, ಇಲ್ಲ ಅಂದ್ರು. ಈಕೀನ ಒಮ್ಮೆ ಅಂಥಾ ನೀರಾಗ ನಿಂದ್ರಿಸಬೇಕಂತ..."

ಹೆಡ್ ಕಾನ್‌ಸ್ಟೇಬಲ್ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. ತಾಯಪ್ಪ ಗೋಡೆಗೆ ಅಂಟಿಸಿದ್ದ ಕಳ್ಳರ ಫೋಟೋಗಳನ್ನು ಶ್ರದ್ಧೆಯಿಂದ ನೋಡತೊಡಗಿದ. ಸಾಯಣ್ಣ ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕಿದ.

ಗಂಗಾಂಬಿಕಾ ಗಂಡನ ಕಡೆ ತಿರುಗಿದಳು.

"ನಾ ಬರ್ತೀನಂತ ನಿಮಗ ಯಾರು ಹೇಳಿದ್ರು?"

"ಟೀವಿ ನೋಡಿ ನೀನ ಅಂದಿದ್ಯಲ್ಲ."

"ನೆಲ ಕಾಣ್ತೈತಿ ಅಂದೆ. ಹೋಗೂನು ಅಂದಿದ್ದಿಲ್ಲ."

"ಹಂಗಾರ ಬ್ಯಾಡೇನು?"

ಅವಳು ಮೇಜಿನ ಕಡೆ ತಿರುಗಿದಳು. ಎಸ್ಸೈಯನ್ನು ಕೇಳಿದಳು: "ಆ ಗುಂಡಿ ಮುಚ್ಯಾರೇನ್ರಿ?"

ಎಸ್ಸೈ ಪೆನ್ನಿಗೆ ಮುಚ್ಚಳ ಹಾಕಿದ. "ಅದು ನಮ್ದು ಅಲ್ಲಮ್ಮಾ. ರೆವಿನ್ಯೂದವರ್ದು."

"ಅವರ್ನ ಕೇಳೀನ್ರಿ. ಗಣಿಯವರ್ದು ಅಂದ್ರು. ಗಣಿಯವರು ನೀರಾವರಿಯವರ್ದು ಅಂದ್ರು. ನೀರಾವರಿಯವರು ಪೊಲೀಸರ್ನ ಕೇಳು ಅಂದ್ರು."

ಗಂಗಾಂಬಿಕಾ ಸಾಯಣ್ಣನ ಎದುರು ಹೋಗಿ ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡವಿದ್ದಳು.

"ಸಾಯಣ್ಣ, ನಿನ್ನ ಟ್ರಾಕ್ಟರ್ ಎಲ್ಲೈತಿ?"

"ಹೊರಗ ಐತ್ರಿ ಅಕ್ಕಾರ."

"ನಡಿ."

ಹೀಗೆ ಮಕ್ತಲ್‌ನ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಟ್ರಾಕ್ಟರು ಹೊಳೆಗೆ ತುಂಬಿಕೊಂಡು ಹೋಗಿ ಖಾಲಿಯಾಗಿ ಬಂತು. ತಾಯಪ್ಪ ತನ್ನ ಅಂಗಡಿ ಹಿಂದಿನ ಒಡಕು ಇಟ್ಟಿಗೆ, ಕಲ್ಲುಚೂರು ಎಲ್ಲ ಹಾಕಿಸಿದ. ಅದು ಯಾವ ಇಲಾಖೆಯ ಕೆಲಸವೆಂದು ತೀರ್ಮಾನವಾಗದ್ದರಿಂದ ಎಸ್ಸೈ ಭೀಮಶಂಕರ್ ಜೀಪಿನಲ್ಲಿ ಬಂದು, ಕೈ ಹಿಂದೆ ಕಟ್ಟಿಕೊಂಡು, ಬೇರೆ ಕಡೆ ನೋಡುತ್ತ ನಿಂತ. ಗುಂಡಿ ಎಲ್ಲಿದೆಯೆಂದು ಸಾಯಣ್ಣ ಯಾರನ್ನೂ ಕೇಳಬೇಕಾಗಲಿಲ್ಲ. ನೇರ ಅದರ ಅಂಚಿಗೇ ಒಯ್ದು ನಿಲ್ಲಿಸಿದ. ಅದನ್ನು ಎಲ್ಲರೂ ಕಂಡರು. ಗಂಗಾಂಬಿಕಾ ಮುಖ ಮುಚ್ಚಿಕೊಳ್ಳದೆ ದಡದಲ್ಲಿ ನಿಂತು, ಕೊನೆಯ ಕಲ್ಲು ಬೀಳುವವರೆಗೆ ನೋಡಿದಳು. ನೀರು ಗುಳುಗುಳು ಅಂದು ಮೇಲೆ ಕೆಂಪು ನೊರೆ ಬಂತು. ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಇನ್ನೊಂದು ಗುಂಡಿ ಬಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಸರ್ಟಿಫಿಕೇಟು ಬಂತು. ಈ ಮನುಷ್ಯನ ಮೇಲೆ ಯಾವ ಕೇಸೂ ಇಲ್ಲ ಎಂದು ಬರೆದು ಭೀಮಶಂಕರ್ ತಾನೇ ಮನೆಗೆ ತಂದುಕೊಟ್ಟ. ಕಾಂತೇಶ ಅದನ್ನು ಹೆಂಡತಿಯ ಮುಂದಿಟ್ಟು ಏನೂ ಕೇಳಲಿಲ್ಲ. ಕೇಳಿದರೆ ತಪ್ಪಾದೀತೆಂಬ ಭಯ ಅವನಿಗೆ ಹೊಸದಾಗಿ ಹುಟ್ಟಿತ್ತು. ಎರಡು ದಿನ ಬಿಟ್ಟು ಗಂಗಾಂಬಿಕಾ ಒಂದು ಚೀಲದಲ್ಲಿ ಚಟ್ನಿಪುಡಿ, ಒಣಗಿಸಿದ ಕಟಕಲ ರೊಟ್ಟಿ ತುಂಬತೊಡಗಿದಳು.

"ಅಲ್ಲಿ ಬರೀ ಮೀನ ಇರ್ತಾವಂತ ಹೌದಿಲ್ಲೋ?" ಎಂದು ಕೇಳಿದಳು.

ಹಡಗಿನಲ್ಲಿ ಕಾಂತೇಶ ತಲೆ ಎತ್ತಲಿಲ್ಲ. ರಾಯಚೂರಿನಿಂದ ಕೊಚ್ಚಿಯವರೆಗೆ ತಿಂದದ್ದನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಒಪ್ಪಿಸಿದ. ಗಂಗಾಂಬಿಕಾ ಅವನ ಬೆನ್ನು ನೀವುತ್ತ ಕೂತಿದ್ದಳು, ನೀರಿನ ಕಡೆ ನೋಡಲಿಲ್ಲ.

ಶಿವಗಂಗಾ ಸುಳ್ಳು ಹೇಳಿರಲಿಲ್ಲ. ಮರಳು ಬಿಳಿಯಾಗಿತ್ತು, ಚಿರೋಟಿ ರವೆಯ ಹಾಗೇ ಇತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಸಣ್ಣ ಮೀನುಗಳ ನೆರಳು ಸಹ ತಳದಲ್ಲಿ ಓಡುವುದು ಕಾಣುತ್ತಿತ್ತು. ಮೊದಲ ದಿನ ಗಂಗಾಂಬಿಕಾ ತೆಂಗಿನ ಬುಡದಲ್ಲಿ ಕೂತಲ್ಲಿಂದ ಏಳಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಒಂದು ಒಣಗಿದ ತೆಂಗಿನ ಗರಿಯ ದಂಟು ಹುಡುಕಿ, ಸೀರೆ ಎತ್ತಿ ಕಟ್ಟಿ, ನೀರಿಗೆ ಇಳಿದಳು. ತಳ ಕಣ್ಣಿಗೆ ಕಾಣುತ್ತಿದ್ದರೂ ದಂಟಿನಿಂದ ಕುಟ್ಟಿ ನೋಡುವಳು, ಆಮೇಲೆ ಒಂದು ಹೆಜ್ಜೆ ಇಡುವಳು, ಮತ್ತೆ ಕುಟ್ಟುವಳು. ಪ್ರವಾಸಕ್ಕೆ ಬಂದವರು ನಿಂತು ನೋಡಿದರು, ಒಬ್ಬ ಫೋಟೋ ತೆಗೆದ. ಕಾಂತೇಶ ಇಬ್ಬರ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ದಡದಲ್ಲಿ ಅವಳ ಜೊತೆಜೊತೆಗೆ ನಡೆದ.

ಅಲ್ಲೊಂದು ಸಣ್ಣ ಹುಡುಗಿ ಒಬ್ಬಳೇ ನೀರು ಎರಚಿಕೊಳ್ಳುತ್ತ ಮುಂದೆ ಮುಂದೆ ಹೋಗುತ್ತಿದ್ದಳು. ಯಾವ ಸೀಮೆಯವರೋ, ತಾಯಿತಂದೆ ದೂರದ ಕುರ್ಚಿಗಳಲ್ಲಿ ಮಲಗಿದ್ದರು. ಗಂಗಾಂಬಿಕಾ ದಂಟು ಎಸೆದು, ತಳ ನೋಡದೆ, ದಬದಬ ನಡೆದು ಹೋಗಿ ಹುಡುಗಿಯ ಮುಂದೆ, ಸಮುದ್ರದ ಕಡೆಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಅಡ್ಡ ನಿಂತಳು.

"ಮುಂದ ಹೋಗಬ್ಯಾಡ ನನ್ನವ್ವ."

ಹುಡುಗಿಗೆ ಮಾತು ತಿಳಿಯಲಿಲ್ಲ. ಇದೇನೋ ಆಟವೆಂದು ಎಡಕ್ಕೆ ನುಸುಳಿದಳು, ಗಂಗಾಂಬಿಕಾ ಎಡಕ್ಕೆ ಸರಿದಳು. ಬಲಕ್ಕೆ ನುಸುಳಿದಳು, ಇವಳೂ ಬಲಕ್ಕೆ ಸರಿದಳು. ಹುಡುಗಿ ಕೇಕೆ ಹಾಕಿ ನಗುತ್ತಿದ್ದಳು, ಗಂಗಾಂಬಿಕಾ ನಗುತ್ತಿರಲಿಲ್ಲ. ಬಿಸಿಲು ಏರಿತು. ಊಟದ ಗಂಟೆ ಹೊಡೆಯಿತು.

"ಬಾ, ಊಟದ ಹೊತ್ತಾತು" ಎಂದು ಕಾಂತೇಶ ದಡದಿಂದ ಕೂಗಿದ.

"ನೀವು ಉಣ್ಣಾಕ ನಡೀರಿ. ಈ ಕೂಸಿನ ಅವ್ವ ಬರೂತನಕ ನಾ ಬರಂಗಿಲ್ಲ."

ಕಾಂತೇಶ ಚಪ್ಪಲಿಗಳನ್ನು ಮರಳಿನ ಮೇಲೆ ಇಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗೆ ಇಳಿದು ಹುಡುಗಿಯ ಇನ್ನೊಂದು ಬದಿಗೆ ಹೋಗಿ ನಿಂತ.